ಶಿಖರವಿಲ್ಲದ ಎತ್ತರ

ಬೆಳ್ತಂಗಡಿಯ ಗಡಾಯಿಕಲ್ಲು ಹತ್ತಿದವರ ಮೊಣಕಾಲಿಗೆ ಎತ್ತರವೆಂದರೇನೆಂದು ಗೊತ್ತು. 1794ರಲ್ಲಿ ಟಿಪ್ಪು ಕೋಟೆ ಕಟ್ಟಿಸಿದ ಆ ಬೋಳು ಬಂಡೆಯ ನೆತ್ತಿ ಸಮುದ್ರಮಟ್ಟದಿಂದ ಸುಮಾರು 1,700 ಅಡಿ. ನಮ್ಮ ಬೀದರ್ ಜಿಲ್ಲೆಯ ಹುಮನಾಬಾದ್, ಬಸವಕಲ್ಯಾಣ ಎರಡೂ 2,000 ಅಡಿ ದಾಟಿವೆ! ಒಂದು ಮೆಟ್ಟಿಲನ್ನೂ ಹತ್ತದೆ ಇಲ್ಲಿಯ ಜನ ಆ ಕೋಟೆಗಿಂತ ಮೇಲೆ ಬಾಳುತ್ತಿದ್ದಾರೆ.

ಆದರೂ ಹಳ್ಳಿಖೇಡ (ಬಿ) ಹೊಲಗಳಲ್ಲಿ ನಿಂತು ನೋಡಿದರೆ ತೊಗರಿ, ಜೋಳ, ಆಚೆ ಆಕಾಶ. ಬೆಟ್ಟವೆಂದು ಹೆಸರಿಡುವಂಥದ್ದು ಕಾಣುವುದಿಲ್ಲ.

ಕಾರಣ ಕಾಲಡಿಯಲ್ಲೇ ಇದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ನೆಲ ಉದ್ದುದ್ದ ಸೀಳಿ ಲಾವಾ ಉಕ್ಕಿತು. ಅದು ತೆಳು ಲಾವಾ. ಗುಡ್ಡೆಯಾಗಿ ನಿಲ್ಲದೆ ನೆರೆನೀರಿನಂತೆ ಹರಡಿತು. ಆರಿದ ಮೇಲೆ ಅದರ ಮೇಲೊಂದು, ಮತ್ತೊಂದು. ಈ ಭಾಗದಲ್ಲಿ ಬಾವಿ ತೋಡುವವರು ಈ ಚರಿತ್ರೆಯನ್ನು ಮೇಲಿನಿಂದ ಕೆಳಕ್ಕೆ ಓದುತ್ತಾರೆ: ಎರೆಮಣ್ಣು, ಮುರುಮು, ಆಮೇಲೆ ಹಾರೆ ಚಿಮ್ಮಿಸುವ ಕರಿಕಲ್ಲು. ಕೆಲವೆಡೆ ಕಲ್ಲಿನ ತುಂಬ ಸಣ್ಣ ತೂತು. ಲಾವಾದಿಂದ ಹೊರಬೀಳಲಾಗದೆ ಸಿಕ್ಕಿಬಿದ್ದ ಅನಿಲದ ಗುಳ್ಳೆಗಳವು. ಒಳಗೆ ಬಿಳಿ ಹರಳು ಬೆಳೆದಿರುತ್ತದೆ. ಎರಡು ಪದರಗಳ ನಡುವೆ ಕೆಂಪು ಪಟ್ಟಿ ಕಂಡರೆ, ಅದು ಎರಡು ಉಕ್ಕುಗಳ ನಡುವಿನ ಬಿಡುವಿನಲ್ಲಿ ಹುಟ್ಟಿ, ಮುಂದಿನ ಲಾವಾದಡಿ ಬೆಂದ ಮಣ್ಣು.

ಇದೇ ಕಲ್ಲು ಮಹಾರಾಷ್ಟ್ರದಲ್ಲಿ 1,646 ಮೀಟರಿನ ಕಳಸೂಬಾಯಿ ಶಿಖರವಾಗಿದೆ. ಅಲ್ಲಿ ಲಾವಾದ ರಾಶಿ ದಪ್ಪ, ಘಟ್ಟದ ಮಳೆ ಜೋರು. ಸುತ್ತಲಿನದನ್ನು ನೀರು ಕೊರೆದು ಒಯ್ದ ಮೇಲೆ ಉಳಿದದ್ದೇ ಶಿಖರ. ಪೂರ್ವದ ಅಂಚಿನ ನಮ್ಮಲ್ಲಿ ಪದರವೂ ತೆಳು, ಮಳೆಯೂ ಕಮ್ಮಿ. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯ ಕಥೆಯೇ ಬೇರೆ, ಅದರ ಶಿಲೆಗೆ 250 ಕೋಟಿ ವರ್ಷ ಮೀರಿದ ವಯಸ್ಸು. ಅದರ ಮುಂದೆ ನಮ್ಮ ಕರಿಕಲ್ಲು ನಿನ್ನೆಯ ಕೂಸು.

ಬೀದರ್ ಕಡೆ ಹೋದಂತೆ ಕರಿಕಲ್ಲಿನ ತಲೆಗೆ ಕೆಂಪು ಟೋಪಿ ಬರುತ್ತದೆ. ಬಿಸಿಲು-ಮಳೆಗೆ ಲಾವಾಶಿಲೆ ಕೊಳೆತು, ಸಿಲಿಕ ತೊಳೆದುಹೋಗಿ, ಕಬ್ಬಿಣ, ಅಲ್ಯೂಮಿನಿಯಂ ಉಳಿದ ಜಂಬಿಟ್ಟಿಗೆ ಅದು. ಗಾಳಿಗೆ ಗಟ್ಟಿಯಾಗುವ ಈ ಮುಚ್ಚಳವೇ ಪ್ರಸ್ಥಭೂಮಿಯನ್ನು ಚಪ್ಪಟೆಯಾಗಿ ಕಾದಿದೆ. ಅದರ ರಂಧ್ರಗಳಲ್ಲಿ ಇಳಿದ ಮಳೆನೀರು ಕೆಳಗಿನ ಜೇಡಿಪದರ ದಾಟಲಾಗದೆ ಅಡ್ಡಕ್ಕೆ ಹರಿದು ಅಂಚಿನಲ್ಲಿ ಒಸರುತ್ತದೆ. ಬಹಮನಿ ಕಾಲದವರು ಬೀದರ್ ಪಕ್ಕದ ನೌಬಾದಿನಲ್ಲಿ ಸುರಂಗ ಕೊರೆದು ಹಿಡಿದದ್ದು ಇಂಥ ನೀರನ್ನೇ. ಕರೇಜ್ ಎಂಬ ಆ ಸುರಂಗಗಳನ್ನು ಇತ್ತೀಚೆಗೆ ಹೂಳೆತ್ತಿ ನೋಡಿದಾಗ ಒಳಗಿನ್ನೂ ನೀರಿತ್ತು.