ಕುಣಿತಕ್ಕೂ ಹಾಡಿಗೂ ಒಂದೇ ಮಿಕ್ಸರ್

ಕಳೆದ ಬೇಸಿಗೆಯಲ್ಲಿ ರಾಯದುರ್ಗದ ಬಂಧುಗಳ ಮನೆಯ ಮದುವೆಗೆ ಹೋಗಿದ್ದೆ. ಮುನ್ನಾದಿನದ ರಾತ್ರಿ ಚಪ್ಪರದಡಿಯಲ್ಲಿ ಹುಡುಗರ ಕುಣಿತ ಸಾಕಷ್ಟು ನಡೆದ ಮೇಲೆ, ಎರಡು ಸೋಬಾನೆ ಪದ ಹಾಡಬೇಕೆಂದು ಎಲ್ಲರೂ ವಧುವಿನ ಅಜ್ಜಿಯನ್ನು ಒತ್ತಾಯಿಸಿದರು. ಎಂಬತ್ತರ ಸಮೀಪದ ಆ ಹಿರಿಯಾಕೆ ಮೈಕನ್ನು ಎರಡೂ ಕೈಗಳಿಂದ ಹಿಡಿದು ಬಾಯಿ ತೆರೆದರೋ ಇಲ್ಲವೋ, ಸ್ಪೀಕರುಗಳಿಂದ ಕಿವಿ ಕೊರೆಯುವ ಶಿಳ್ಳೆ ಹೊರಟಿತು. ಡಿ.ಜೆ. ನಡೆಸುತ್ತಿದ್ದ ಹುಡುಗ ಶಬ್ದವನ್ನು ತಗ್ಗಿಸಿದ. ಶಿಳ್ಳೆಯೊಡನೆ ಅಜ್ಜಿಯ ದನಿಯೂ ಅಡಗಿತು. ಏರಿಸಿದ, ಮತ್ತೆ ಶಿಳ್ಳೆ. ಮೂರನೆಯ ಸಲ ಆಕೆ, "ಬ್ಯಾಡ ಬಿಡ್ರಪ್ಪಾ, ನನ್ನ ದನಿ ಇದಕ್ಕೆ ಒಗ್ಗೋದಿಲ್ಲ" ಎಂದು ನಗುತ್ತಲೇ ಮೈಕನ್ನು ಕೆಳಗಿಟ್ಟು ಒಳಗೆ ನಡೆದುಬಿಟ್ಟರು. ನಗು ಮುಖದ ಮೇಲಷ್ಟೇ ಇತ್ತು.

ಆಕೆಯ ದನಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೊರತೆಯಿದ್ದುದು ಮೇಜಿನ ಮೇಲಿದ್ದ ಪೆಟ್ಟಿಗೆಯ ಆಯ್ಕೆಯಲ್ಲಿ. ಆ ಸಂಗತಿಯನ್ನು ನಾನು ಅಲ್ಲಿಗೇ ಮರೆತುಬಿಡುತ್ತಿದ್ದೆನೋ ಏನೋ, ಆದರೆ ಅದೇ ಮದುವೆಗೆ ಮಡಕಶಿರಾ ಕಡೆಯಿಂದ ಬಂದಿದ್ದ ನನ್ನ ಸೋದರಳಿಯ ಪಕ್ಕದಲ್ಲಿಯೇ ಕುಳಿತಿದ್ದ. ಹಬ್ಬ, ಮದುವೆಗಳಿಗೆ ಡಿ.ಜೆ. ಹಾಗೂ ಕರೋಕೆ ಎರಡನ್ನೂ ಒದಗಿಸುವ ಸಣ್ಣ ಉದ್ಯೋಗವೊಂದನ್ನು ಆರಂಭಿಸುವ ಹಂಬಲ ಅವನದು. ತಾಯಿ ಚೀಟಿ ಎತ್ತಿ ಕೊಟ್ಟ ಹಣ ಅವನ ಕೈಯಲ್ಲಿತ್ತು. ಅಜ್ಜಿಯ ಹಾಡನ್ನು ಕೆಡಿಸಿದಂಥದೇ ಒಂದು ಮಿಕ್ಸರಿಗೆ ಅವನು ಮುಂಗಡ ಕೊಡುವುದರಲ್ಲಿದ್ದ. "ಮಾವ, ಎರಡು ಕೆಲಸಕ್ಕೂ ಒಂದೇ ಮಿಕ್ಸರ್ ಸಾಕಾಗೋದಿಲ್ಲೇನು?" ಎಂದು ಕೇಳಿದ. ಈ ಲೇಖನ ಅವನ ಆ ಪ್ರಶ್ನೆಗೆ ಕೊಟ್ಟ ಉತ್ತರದ ವಿಸ್ತಾರವೆಂದು ಓದುಗರು ಭಾವಿಸಬೇಕು.

ನಮ್ಮ ಸೀಮೆಯ ಮಟ್ಟಿಗೆ ಕರೋಕೆಯೆಂಬುದು ಬರಿಯ ವಿನೋದವಲ್ಲವೆಂಬುದನ್ನು ಮೊದಲಿಗೇ ಹೇಳಬೇಕು. ಬಳ್ಳಾರಿ ಜಿಲ್ಲೆಗೆ ಸೇರಿದ್ದ ರಾಯದುರ್ಗ ತಾಲ್ಲೂಕು 1953ರಲ್ಲಿ ಆದವಾನಿ, ಆಲೂರುಗಳೊಡನೆ ಆಂಧ್ರಕ್ಕೆ ಹೋಯಿತು. ಮಡಕಶಿರಾದ ಸುತ್ತಲಿನ ಅಮರಾಪುರ, ರೊಳ್ಳ, ಅಗಳಿಗಳಿಗೆ ಪಾವಗಡ, ಶಿರಾ, ಮಧುಗಿರಿಗಳೇ ನೆರೆಯ ಸಂತೆಗಳು. 2022ರಲ್ಲಿ ಆ ಭಾಗವು ಅನಂತಪುರ ಜಿಲ್ಲೆಯಿಂದ ಬೇರ್ಪಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗೆರೆಗಳು ಹೀಗೆ ಆಗಾಗ ಸರಿಯುತ್ತಿದ್ದರೂ ಹಾಡುಗಳು ಗೆರೆಯನ್ನು ಲೆಕ್ಕಿಸಿದವಲ್ಲ. ಕಾಕಿನಾಡದಲ್ಲಿ ಜನಿಸಿದ ಪಿ.ಬಿ. ಶ್ರೀನಿವಾಸರು ರಾಜಕುಮಾರರ ಕಂಠವಾದರು. ನೆಲ್ಲೂರಿನ ಕಡೆಯ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರನ್ನು ಕನ್ನಡಿಗರು ತಮ್ಮವರೆಂದೇ ಎಣಿಸಿದರು. ಎರಡು ನುಡಿಯ ಮನೆಗಳಿಗೆ ಇದಕ್ಕಿಂತ ಸಹಜವಾದ ನೆಂಟಸ್ತಿಕೆ ಬೇರೆ ಯಾವುದಿದೆ? ಶಾಲೆಯಲ್ಲಿ ತೆಲುಗು, ಇಂಗ್ಲಿಷುಗಳನ್ನೇ ಓದುವ ಮಕ್ಕಳು ಕರೋಕೆಯ ಪರದೆಯ ಮೇಲೆ ಓಡುವ ಕನ್ನಡ ಅಕ್ಷರಗಳನ್ನು ತಡವರಿಸುತ್ತ ಓದಿ ಹಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಅಲ್ಲಿ ಹಾಡುವವರ ದನಿ ಕೇಳಿಸದೆ ಹೋದರೆ ಆಗುವ ನಷ್ಟ ಸಣ್ಣದಲ್ಲ.

ಕುತೂಹಲದ ಮಾತೊಂದು: ಈ ಎರಡು ವಿದ್ಯೆಗಳೂ ಹೆಚ್ಚುಕಡಿಮೆ ಒಂದೇ ವಯಸ್ಸಿನವು. ಜಪಾನಿನ ಕೋಬೆ ನಗರದ ವಾದ್ಯಗಾರ ಡೈಸುಕೆ ಇನೊವೆ ಎಂಬವರು ನಾಣ್ಯ ಹಾಕಿದರೆ ಪಕ್ಕವಾದ್ಯ ನುಡಿಸುವ ಯಂತ್ರವನ್ನು 1971ರಲ್ಲಿ ಬಾಡಿಗೆಗೆ ಕೊಡತೊಡಗಿದರು. ಅದಕ್ಕೆ ಹಕ್ಕುಸ್ವಾಮ್ಯ ಪಡೆಯಲಿಲ್ಲವಾಗಿ ಅವರಿಗೆ ದೊರೆತದ್ದು ಕೀರ್ತಿಯೇ ಹೊರತು ಹಣವಲ್ಲ. ಜಪಾನಿ ಭಾಷೆಯಲ್ಲಿ 'ಕರ' ಎಂದರೆ ಬರಿದು. 'ಓಕೆ' ಎಂಬುದು ಆರ್ಕೆಸ್ಟ್ರಾ ಶಬ್ದದ ಮೊಟಕು ರೂಪ. ಅದೇ ಕಾಲದಲ್ಲಿ ನ್ಯೂಯಾರ್ಕಿನ ಕುಣಿತದ ಸಭಾಂಗಣಗಳಿಗಾಗಿ ಅಲೆಕ್ಸ್ ರೋಸ್ನರ್ ಎಂಬ ತಂತ್ರಜ್ಞರು ಎರಡು ಧ್ವನಿಮುದ್ರಿಕೆಗಳನ್ನು ಒಂದರೊಳಗೊಂದು ಬೆರೆಸುವ ಮಿಕ್ಸರನ್ನು ರೂಪಿಸಿದರು. ಒಂದರಲ್ಲಿ ಮನುಷ್ಯನ ಕಂಠವೇ ಪ್ರಧಾನ, ಮತ್ತೊಂದರಲ್ಲಿ ಮುದ್ರಿತ ಸಂಗೀತವೇ ಪ್ರಧಾನ. ಹುಟ್ಟಿನಿಂದಲೇ ಬಂದ ಈ ಭೇದ ಇಂದಿನ ಪೆಟ್ಟಿಗೆಗಳಲ್ಲಿಯೂ ಉಳಿದುಕೊಂಡಿದೆ.

ಎರಡು ಬಗೆಯ ಪೆಟ್ಟಿಗೆಗಳು

ಡಿ.ಜೆ. ಮಿಕ್ಸರಿನಲ್ಲಿ ಸಾಮಾನ್ಯವಾಗಿ ಎರಡು ಅಥವಾ ನಾಲ್ಕು ಚಾನೆಲ್‌ಗಳಿದ್ದು, ಒಂದು ಹಾಡಿನಿಂದ ಇನ್ನೊಂದಕ್ಕೆ ಜಾರಲು ಅಡ್ಡಲಾಗಿ ಎಳೆಯುವ ಕ್ರಾಸ್‌ಫೇಡರ್ ಇರುತ್ತದೆ. ಮುಂದಿನ ಹಾಡನ್ನು ಸಭೆಗೆ ಕೇಳಿಸದಂತೆ ಹೆಡ್‌ಫೋನಿನಲ್ಲಿ ಮೊದಲೇ ಆಲಿಸುವ ಅನುಕೂಲವೂ ಉಂಟು. ಆದರೆ ಮೈಕಿಗೆ ಅಲ್ಲಿರುವುದು ಬಹುಮಟ್ಟಿಗೆ ಒಂದೇ ಜಾಗ, ಹೆಚ್ಚೆಂದರೆ ಎರಡು. ಅದನ್ನು ಇಟ್ಟಿರುವುದು "ಎಲ್ಲರೂ ಚಪ್ಪಾಳೆ ತಟ್ಟಿರಿ" ಎಂದು ಕೂಗುವುದಕ್ಕೇ ಹೊರತು ಹಾಡುವುದಕ್ಕಲ್ಲ. ಪ್ರತಿಧ್ವನಿ ಕೊಡುವ ಎಫೆಕ್ಟುಗಳು ಇದ್ದರೂ ಅನೇಕ ಮಾದರಿಗಳಲ್ಲಿ ಅವು ಹಾಡಿನ ತಟ್ಟೆಗೇ ಮೀಸಲು. ಈಗ ಹೊಸಬರು ಹೆಚ್ಚಾಗಿ ಕೊಳ್ಳುವ, ಲ್ಯಾಪ್‌ಟಾಪಿಗೆ ಜೋಡಿಸುವ ಕಂಟ್ರೋಲರುಗಳ ಸ್ಥಿತಿಯೂ ಭಿನ್ನವಲ್ಲ, ಪಯೋನಿಯರ್ ಡಿ.ಜೆ.ಯ ಡಿಡಿಜೆ-ಎಫ್‌ಎಲ್‌ಎಕ್ಸ್4 ಎಂಬ ಜನಪ್ರಿಯ ಮಾದರಿಯಲ್ಲಿ ಮೈಕಿಗೆ ಇರುವುದು ಒಂದೇ ಪ್ರವೇಶ.

ಸಭೆ, ಸಂಗೀತಗಳಿಗೆ ಬಳಸುವ ಪಿ.ಎ. ಮಿಕ್ಸರ್ ಇದಕ್ಕೆ ವಿರುದ್ಧವಾದುದು. ಸಾಮಾನ್ಯ ಡೈನಮಿಕ್ ಮೈಕು ಹೊರಡಿಸುವ ವಿದ್ಯುತ್ ಸಂಕೇತ ಒಂದೆರಡು ಮಿಲಿವೋಲ್ಟಿನಷ್ಟು ಕ್ಷೀಣ. ಲ್ಯಾಪ್‌ಟಾಪಿನಿಂದ ಬರುವುದು ಅದರ ಕೆಲವು ನೂರು ಪಟ್ಟು. ಆ ಕ್ಷೀಣ ದನಿಯನ್ನು ಗದ್ದಲ ಸೇರಿಸದೆ ಸಾವಿರ ಪಟ್ಟಿನವರೆಗೆ, ಎಂದರೆ 60 ಡೆಸಿಬೆಲ್‌ನಷ್ಟು, ಎತ್ತಬಲ್ಲ ಪ್ರೀಆಂಪ್ಲಿಫೈಯರ್ ಪ್ರತಿಯೊಂದು ಮೈಕಿಗೂ ಪ್ರತ್ಯೇಕವಾಗಿ ಬೇಕು. ಪ್ರತಿ ದನಿಗೂ ಬೇರೆ ಗೇನ್, ತೀಕ್ಷ್ಣ-ಮಧ್ಯ-ಮಂದ್ರ ಸ್ವರಗಳನ್ನು ಹದಗೊಳಿಸುವ ಮೂರು ಗುಂಡಿಗಳು, 80 ಅಥವಾ 100 ಹರ್ಟ್ಜ್‌ಗಿಂತ ಕೆಳಗಿನ ಗುಡುಗನ್ನು ಕತ್ತರಿಸುವ ಸ್ವಿಚ್ಚು, ಮೈಕಿಗೆ ಮಾತ್ರ ಬೇಕಾದಷ್ಟು ರಿವರ್ಬ್: ಇವು ಪಿ.ಎ. ಮಿಕ್ಸರಿನ ಲಕ್ಷಣಗಳು. ಆದರೆ ಇದರಲ್ಲಿ ಕ್ರಾಸ್‌ಫೇಡರ್ ಇಲ್ಲ. ಅಗ್ಗದ ಮಾದರಿಗಳಲ್ಲಿ ಮುಂಚಿತವಾಗಿ ಆಲಿಸುವ ಗುಂಡಿಯೂ ಇರುವುದಿಲ್ಲ.

ನಮ್ಮ ಮೈಕ್‌ಸೆಟ್ ಅಂಗಡಿಗಳಲ್ಲಿ ಬಹುಕಾಲದಿಂದ ಕಾಣುವ ಆಹುಜಾ ಮುಂತಾದ ಮಿಕ್ಸರ್ ಆಂಪ್ಲಿಫೈಯರುಗಳನ್ನೂ ಕೆಲವರು ಕೇಳುವುದುಂಟು. ಊರ ಜಾತ್ರೆಯಲ್ಲಿ ದೂರದ ಹಾರ್ನ್‌ಗಳಿಗೆ ಮಾತು ಮುಟ್ಟಿಸುವುದಕ್ಕೆ ಅವು ಬಹಳ ಗಟ್ಟಿ. ಕುಣಿತದ ಸಂಗೀತಕ್ಕೆ ಬೇರೆಯದೇ ಬೇಕು.

ನಾನು ಕೊಟ್ಟ ಸಲಹೆ

ಎರಡು ಕೆಲಸಕ್ಕೂ ಒಂದೇ ಪೆಟ್ಟಿಗೆಯನ್ನು ಹುಡುಕುವ ಬದಲು, ಹಣವನ್ನು ಒಂದು ಸಣ್ಣ ಪಿ.ಎ. ಮಿಕ್ಸರಿನ ಮೇಲೆ ಹಾಕಿ ಡಿ.ಜೆ. ಕೆಲಸವನ್ನು ಅದರ ಒಂದು ಚಾನೆಲ್‌ಗೆ ತಂದು ಸೇರಿಸುವುದೇ ಲೇಸು. ಕಂಟ್ರೋಲರು ಎರಡು ಹಾಡುಗಳನ್ನು ತನ್ನೊಳಗೇ ಬೆರೆಸಿ ಎಡ-ಬಲಗಳೆರಡನ್ನೂ ಪಿ.ಎ. ಮಿಕ್ಸರಿನ ಸ್ಟೀರಿಯೋ ಚಾನೆಲ್‌ಗೆ ಕಳುಹಿಸುತ್ತದೆ. ಹೆಡ್‌ಫೋನಿನಲ್ಲಿ ಆಲಿಸುವ ಕೆಲಸವೂ ಕಂಟ್ರೋಲರಿನಲ್ಲಿಯೇ ಮುಗಿಯುತ್ತದೆ. ಮೈಕುಗಳೆಲ್ಲವೂ ನೇರವಾಗಿ ಪಿ.ಎ. ಮಿಕ್ಸರಿಗೆ. ಸ್ಪೀಕರುಗಳಿಗೆ ಹೋಗುವ ದಾರಿ ಇಲ್ಲಿಂದ ಮಾತ್ರ. ಹೀಗಾದರೆ ಕುಣಿತದ ಸಂಗೀತವನ್ನು ತಗ್ಗಿಸಿದಾಗ ಅಜ್ಜಿಯ ದನಿ ತಗ್ಗುವುದಿಲ್ಲ. ಉದಾಹರಣೆಗೆ ಯಮಹಾ ಎಂ.ಜಿ.10ಎಕ್ಸ್‌ಯು ಎಂಬ ಮಾದರಿಯಲ್ಲಿ ನಾಲ್ಕು ಮೈಕುಗಳಿಗೂ ಮೂರು ಸ್ಟೀರಿಯೋ ಮೂಲಗಳಿಗೂ ಸ್ಥಳವಿದ್ದು, ಒಳಗೇ 24 ಬಗೆಯ ಎಫೆಕ್ಟುಗಳಿವೆ. ಇತರ ತಯಾರಕರಲ್ಲಿಯೂ ಇದೇ ಅಳತೆಯವು ದೊರೆಯುತ್ತವೆ. ಅಳತೆಯನ್ನು ನೋಡಬೇಕೇ ಹೊರತು ಹೆಸರನ್ನಲ್ಲ.

ಕರೋಕೆಯನ್ನಷ್ಟೇ ನಡೆಸಿ ಹಾಡಿನ ನಡುನಡುವೆ ನಾಲ್ಕು ಕುಣಿತದ ಹಾಡು ಹಾಕುವವರಿಗಾದರೆ ಕಂಟ್ರೋಲರೂ ಬೇಡ. ಲ್ಯಾಪ್‌ಟಾಪಿನ ತಂತ್ರಾಂಶವೇ ಒಂದು ಹಾಡನ್ನು ಇನ್ನೊಂದಕ್ಕೆ ಬೆಸೆಯಬಲ್ಲದು. ಉಳಿದ ಹಣದಲ್ಲಿ ಒಂದು ಒಳ್ಳೆಯ ಮೈಕು ಬರುತ್ತದೆ. 1966ರಲ್ಲಿ ಬಂದ ಶೂರ್ ಕಂಪನಿಯ ಎಸ್‌ಎಂ58 ಇಂದಿಗೂ ವೇದಿಕೆಗಳಲ್ಲಿ ಬಾಳುತ್ತಿರುವುದು ಅದು ಮುಂದಿನಿಂದ ಬರುವ ದನಿಯನ್ನು ಹಿಡಿದು ಹಿಂದಿನದನ್ನು ಬಿಡುವುದರಿಂದ. ಆ ಜಾಲರಿಯ ತಲೆಯನ್ನು ಅಂಗೈಯಿಂದ ಮುಚ್ಚಿ ಹಿಡಿದರೆ ಈ ಗುಣವೇ ಕೆಟ್ಟು ಶಿಳ್ಳೆ ಏಳುತ್ತದೆ. ನಮ್ಮ ಅಜ್ಜಿ ಎರಡು ಕೈಯಿಂದ ಹಿಡಿದದ್ದೂ ಹಾಗೆಯೇ. ಅದರ ಮೇಲೆ ಸ್ಪೀಕರುಗಳು ಅವರ ಬೆನ್ನ ಹಿಂದಿದ್ದವು. ಸ್ಪೀಕರುಗಳು ಹಾಡುವವರಿಗಿಂತ ಮುಂದೆ, ಸಭೆಯ ಕಡೆಗೆ ಮುಖ ಮಾಡಿರಬೇಕು. ಹಾಡದವರ ಮೈಕನ್ನು ಮುಚ್ಚಿಬಿಡಬೇಕು. ತೆರೆದ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಶಿಳ್ಳೆಗೆ ಮೊದಲು ಸಿಗುವ ಅವಕಾಶ ಸುಮಾರು 3 ಡೆಸಿಬೆಲ್ ಕುಗ್ಗುತ್ತದೆ.

ತಂತಿಯ ತಂಟೆಗಳು

ಹಣ ಕೊಟ್ಟು ತಂದ ಮೇಲೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ತಂತಿಗಳವು. ಅಳಿಯ ಮೊದಲ ದಿನವೇ ದೂರವಾಣಿ ಮಾಡಿ, "ಮಾವ, ಮೊಬೈಲಿನಿಂದ ಹಾಡು ಹಾಕಿದರೆ ವಾದ್ಯ ಕೇಳ್ತದೆ, ಹಾಡುವವರ ದನಿಯೇ ಇಲ್ಲ! ಮಿಕ್ಸರ್ ಕೆಟ್ಟಿದೆಯೇನೋ" ಎಂದ. ಮೊಬೈಲಿನ ಸ್ಟೀರಿಯೋ ತಂತಿಯನ್ನು ಅವನು ಮೈಕಿನ ಚಾನೆಲ್‌ನ ಮೋನೋ ಪ್ರವೇಶಕ್ಕೆ ಚುಚ್ಚಿದ್ದ. ಅಂಥ ಬ್ಯಾಲೆನ್ಸ್ಡ್ ಪ್ರವೇಶ ಎಡ-ಬಲಗಳ ವ್ಯತ್ಯಾಸವನ್ನು ಮಾತ್ರ ಸ್ವೀಕರಿಸುತ್ತದೆ. ಗಾಯಕರ ದನಿ ಎರಡರಲ್ಲಿಯೂ ಸಮನಾಗಿರುವುದರಿಂದ ಒಂದನ್ನೊಂದು ಕಳೆದು ಸೊನ್ನೆಯಾಗುತ್ತದೆ. ತಬಲ, ಬೇಸುಗಳೂ ಅದರೊಡನೆ ಹೋಗುತ್ತವೆ. ಎರಡು ಕವಲಿನ ತಂತಿಯಿಂದ ಎಡವನ್ನು ಎಡಕ್ಕೆ, ಬಲವನ್ನು ಬಲಕ್ಕೆ ಜೋಡಿಸಿದಾಗ ಎಲ್ಲವೂ ಸರಿಹೋಯಿತು. ಬಿಟ್ಟಿಯಾಗಿ ಕರೋಕೆ ಸಿಕ್ಕಿತೆಂದು ಅವನು ನಕ್ಕ, ಅಷ್ಟೆ.

ಹಳೆಯ ಕರೋಕೆ ವಿ.ಸಿ.ಡಿ.ಗಳನ್ನು ಇಟ್ಟುಕೊಂಡಿರುವವರು ಇದಕ್ಕೆ ಹತ್ತಿರದ ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಅವುಗಳಲ್ಲಿ ಅನೇಕವು ಒಂದು ಕಡೆ ಬರಿಯ ವಾದ್ಯವನ್ನೂ ಇನ್ನೊಂದು ಕಡೆ ಮಾದರಿ ಗಾಯನವನ್ನೂ ಹೊತ್ತಿರುತ್ತವೆ. ಎಡ-ಬಲಗಳನ್ನು ಎರಡು ಬೇರೆ ಚಾನೆಲ್‌ಗಳಿಗೆ ತಂದರೆ ಕಲಿಯುವವರಿಗೆ ಗಾಯನವನ್ನು ಬೇಕಾದಷ್ಟು ಕೊಟ್ಟು, ಕಲಿತ ಮೇಲೆ ತೆಗೆಯಬಹುದು. ಮಕ್ಕಳಿಗೆ ಹಾಡು ಕಲಿಸಲು ಇದು ಬಹಳ ಒಳ್ಳೆಯದು.

ಬ್ಲೂಟೂತ್ ವಿಷಯದಲ್ಲಿ ಎಚ್ಚರ ಬೇಕು. ಮೊಬೈಲಿನಿಂದ ಮಿಕ್ಸರಿಗೆ ಪಕ್ಕವಾದ್ಯ ಆ ದಾರಿಯಲ್ಲಿ ಬಂದರೆ ದೊಡ್ಡ ಬಾಧಕವಿಲ್ಲ. ಪರದೆಯ ಅಕ್ಷರ ಕೊಂಚ ಮುಂದೋಡಬಹುದು. ಆದರೆ ಮಿಕ್ಸರಿನಿಂದ ಸ್ಪೀಕರಿಗೆ ಬ್ಲೂಟೂತ್ ಇಟ್ಟರೆ ಹಾಡುವವರ ದನಿ ಅವರಿಗೇ ತಡವಾಗಿ ಮರಳಿ ತಾಳ ತಪ್ಪುತ್ತದೆ. ಇನ್ನು ಲ್ಯಾಪ್‌ಟಾಪಿನ ಚಾರ್ಜರು ಚುಚ್ಚಿದೊಡನೆ ಗುಂಯ್‌ಗುಡುವ ಸದ್ದು ಕೇಳಿಸಿದರೆ ಮಿಕ್ಸರನ್ನು ದೂರಬಾರದು. ಎಲ್ಲವನ್ನೂ ಒಂದೇ ಪ್ಲಗ್ ಬೋರ್ಡಿನಿಂದ ತೆಗೆದುಕೊಂಡು, ಅದೂ ಸಾಲದಾದರೆ ನಡುವೆ ಡಿ.ಐ. ಬಾಕ್ಸ್ ಇಡಬೇಕು. ಹಮ್ಮು ನಿಲ್ಲಲೆಂದು ಅರ್ಥಿಂಗ್ ಪಿನ್ನನ್ನು ಮುರಿಯುವ ಕೆಟ್ಟ ಪದ್ಧತಿಯನ್ನು ನಾನು ಎರಡು ಊರುಗಳಲ್ಲಿ ಕಂಡಿದ್ದೇನೆ. ಮೈಕನ್ನು ತುಟಿಗೆ ಹಿಡಿಯುವವರ ಪ್ರಾಣದೊಡನೆ ಆಡುವ ಆಟ ಅದು. ಅಂಥವರಿಂದ ಸೆಟ್ಟನ್ನು ಬಾಡಿಗೆಗೆ ತರಲೇಬೇಡಿರಿ.

ಅಂಗಡಿಗೆ ಹೋಗುವಾಗ ನಿಮ್ಮ ಮೈಕನ್ನೂ, ನೀವು ಬಳಸುವ ಲ್ಯಾಪ್‌ಟಾಪನ್ನೂ ಜೊತೆಗೆ ಒಯ್ಯಿರಿ. ಸ್ಪೀಕರುಗಳನ್ನು ಏರಿಸಿ, ಹಾಡು ಹಾಕದೆ, ಗೇನನ್ನು ಮುಕ್ಕಾಲು ತಿರುಗಿಸಿ ಸುಮ್ಮನೆ ಆಲಿಸಿರಿ. ಸೋರುವ ನೀರಿನಂಥ ಸದ್ದು ಹೆಚ್ಚಾಗಿದ್ದರೆ ಆ ಮಿಕ್ಸರ್ ಬೇಡ. ಫೇಡರುಗಳನ್ನು ಎಳೆಯುವಾಗ ಕರಕರ ಸದ್ದು ಬಂದರೂ ಬೇಡ. ಕಾರ್ಯಕ್ರಮವನ್ನು ಮುದ್ರಿಸಿಕೊಳ್ಳುವ ಇಚ್ಛೆಯಿದ್ದರೆ ಮಿಕ್ಸರಿನಲ್ಲಿಯೇ ಯು.ಎಸ್.ಬಿ. ಇರಲಿ, ಡಿ.ಜೆ. ತಂತ್ರಾಂಶದಿಂದ ಮುದ್ರಿಸಿದರೆ ಹಾಡು ಉಳಿಯುತ್ತದೆ, ಹಾಡಿದವರ ದನಿ ಉಳಿಯುವುದಿಲ್ಲ.

ಶಬ್ದದ ಮಿತಿಯನ್ನು ಕುರಿತು ಎರಡು ಮಾತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಗಲಿನಲ್ಲಿಯೂ ಲಿಖಿತ ಅನುಮತಿ ಬೇಕು. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಗೊತ್ತುಪಡಿಸಲಾಗಿದೆ. ಇದು ಗಡಿಯ ಎರಡು ಕಡೆಗೂ ಒಂದೇ. ಕಿವಿಯ ಲೆಕ್ಕ ಬೇರೆ: 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ತಾಳುವ ಕಿವಿ 100ರಲ್ಲಿ ತಾಳುವುದು ಕಾಲು ಗಂಟೆ ಮಾತ್ರ. ಬಾಸ್ ಪೆಟ್ಟಿಗೆಯ ಮುಂದೆ ಎಳೆಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಯುವ ತಂದೆಯಂದಿರು ಇದನ್ನು ಗಮನಿಸಬೇಕು.

ಅಳಿಯ ಕೊನೆಗೆ ನಾಲ್ಕು ಮೈಕಿನ ಪಿ.ಎ. ಮಿಕ್ಸರನ್ನೇ ಕೊಂಡ. ಕಂಟ್ರೋಲರನ್ನು ಸ್ನೇಹಿತನೊಬ್ಬನಿಂದ ಬಳಸಿದ್ದನ್ನು ಪಡೆದ. ಚೀಟಿಯ ಹಣದಲ್ಲಿ ಸ್ವಲ್ಪ ಉಳಿಯಿತೆಂದು ಅವನ ತಾಯಿ ನನಗೆ ಹೇಳಿ ಕಳುಹಿಸಿದರು. ದಸರೆಗೆ ರಾಯದುರ್ಗಕ್ಕೆ ಅದನ್ನು ಒಯ್ಯಲಿದ್ದಾನೆ. ಮೊನ್ನೆ ಹೋದಾಗ ನೋಡಿದೆ: ಚಾನೆಲ್‌ಗಳ ಕೆಳಗೆ ಬಿಳಿಯ ಪಟ್ಟಿ ಅಂಟಿಸಿ ಒಂದೊಂದರ ಹೆಸರು ಬರೆದಿದ್ದಾನೆ. ಮೂರನೆಯದರ ಕೆಳಗೆ ಕನ್ನಡದ ಅಕ್ಷರಗಳಲ್ಲಿ 'ಅಜ್ಜಿ' ಎಂದಿತ್ತು. ಅದರ ಲೋ-ಕಟ್ ಗುಂಡಿಯನ್ನು ಈಗಾಗಲೇ ಒತ್ತಿಟ್ಟಿದ್ದ.