ರಸ್ತೆಗೂ ಟ್ರ್ಯಾಕಿಗೂ ಒಂದೇ ಕಾರು: ಹಣ ಮೊದಲು ಯಾವುದಕ್ಕೆ?

ಒಂದೇ ಯಂತ್ರದಿಂದ ಎರಡು ಬಗೆಯ ಕೆಲಸವನ್ನು ಅಪೇಕ್ಷಿಸುವವರು ಎರಡು ಬಗೆಯ ಲೆಕ್ಕವನ್ನೂ ಇಡಬೇಕಾಗುತ್ತದೆ. ವಾರದ ದಿನಗಳಲ್ಲಿ ಕಚೇರಿಗೆ ಹೋಗಿಬರಲು, ಬಿಡುವಿನ ದಿನ ಟ್ರ್ಯಾಕಿನಲ್ಲಿ ವೇಗವಾಗಿ ಓಡಿಸಲು ಬಳಕೆಯಾಗುವ ಸ್ಪೋರ್ಟ್ಸ್ ಕಾರು ಇದಕ್ಕೆ ಉತ್ತಮ ನಿದರ್ಶನ. ನಿಗದಿತ ಶುಲ್ಕ ತೆತ್ತು ಸ್ವಂತ ಕಾರನ್ನೇ ರೇಸ್ ಟ್ರ್ಯಾಕಿನಲ್ಲಿ ಓಡಿಸುವ ‘ಟ್ರ್ಯಾಕ್ ಡೇ’ ಹವ್ಯಾಸವು ಬ್ರಿಟನ್, ಅಮೆರಿಕ, ಜಪಾನ್ ಮುಂತಾದ ದೇಶಗಳಲ್ಲಿ ಬೇರೂರಿದೆ. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನ 20.8 ಕಿ.ಮೀ. ಉದ್ದದ ಹಳೆಯ ಮಾರ್ಗವು ಗೊತ್ತುಪಡಿಸಿದ ವೇಳೆಯಲ್ಲಿ ಶುಲ್ಕ ನೀಡುವ ಸಾರ್ವಜನಿಕರಿಗೂ ತೆರೆದಿರುತ್ತದೆ. ಕರ್ನಾಟಕದ ಆಸಕ್ತರಿಗೆ ಚೆನ್ನೈ ಸಮೀಪದ ಇರುಂಗಾಟ್ಟುಕೋಟೈ ಹಾಗೂ ಕೊಯಮತ್ತೂರು ಸಮೀಪದ ಕರಿ ಮೋಟಾರ್ ಸ್ಪೀಡ್‌ವೇ ಹತ್ತಿರದ ಟ್ರ್ಯಾಕುಗಳು.

ಇಂತಹ ಕಾರಿನ ಮಾಲೀಕರ ಮುಂದೆ ಬಿಡಿಭಾಗಗಳ ದೊಡ್ಡ ಮಾರುಕಟ್ಟೆಯೇ ತೆರೆದಿದೆ. ಬಹುತೇಕರ ಮೊದಲ ಒಲವು ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸುವತ್ತ. ಆದರೆ ಅನುಭವಿ ಚಾಲಕರೂ ತರಬೇತುದಾರರೂ ಹೇಳುವ ಕ್ರಮ ಇದಕ್ಕೆ ತದ್ವಿರುದ್ಧವಾದುದು. ಟ್ರ್ಯಾಕಿನಲ್ಲಿ ಯಾವುದು ಮೊದಲು ಸೋಲುತ್ತದೆಯೋ ಹಣ ಅಲ್ಲಿಗೆ ಮೊದಲು ಸಲ್ಲಬೇಕು. ಎಂಜಿನ್ನಿನ ಸರದಿ ಕೊನೆಯದು.

ತಯಾರಕರೇ ತೋರಿದ ದಾರಿ

ಜಪಾನಿನ ಮಜ್ದಾ ಸಂಸ್ಥೆಯ ಎಂಎಕ್ಸ್-5 ಈ ಬಗೆಯ ಬಳಕೆಗೆ ಜಗತ್ತಿನಾದ್ಯಂತ ಹೆಸರಾದ ಎರಡು ಆಸನಗಳ ತೆರೆದ ಕಾರು. 1989ರಲ್ಲಿ ಬಿಡುಗಡೆಗೊಂಡ ಈ ಮಾದರಿಯ ಉತ್ಪಾದನೆಯು 2016ರಲ್ಲಿ ಹತ್ತು ಲಕ್ಷವನ್ನು ಮುಟ್ಟಿತು. ಮೊದಲ ಕಾರಿನ ತೂಕ ಸುಮಾರು 950 ಕಿ.ಗ್ರಾಂ.; 1600 ಸಿ.ಸಿ. ಎಂಜಿನ್ನಿನ ಶಕ್ತಿ ಸುಮಾರು 115 ಅಶ್ವಶಕ್ತಿ ಮಾತ್ರ. 1993ರಲ್ಲಿ ಸಂಸ್ಥೆಯು 1800 ಸಿ.ಸಿ. ಎಂಜಿನ್ನನ್ನು ಅಳವಡಿಸಿದಾಗ ಶಕ್ತಿಯ ಏರಿಕೆ ಹೆಚ್ಚೇನೂ ಇರಲಿಲ್ಲ. ಆದರೂ ಅದರ ಜೊತೆಗೆ ಬ್ರೇಕ್ ಡಿಸ್ಕುಗಳನ್ನು ದೊಡ್ಡದಾಗಿಸಿತು, ಕಾರಿನ ಕವಚಕ್ಕೆ ಹೆಚ್ಚುವರಿ ಆಧಾರಪಟ್ಟಿಗಳನ್ನು ಸೇರಿಸಿ ಬಿಗಿತವನ್ನು ಹೆಚ್ಚಿಸಿತು. ಒಂದು ಭಾಗದ ಸಾಮರ್ಥ್ಯ ಏರಿದರೆ ಉಳಿದವುಗಳೂ ಅದಕ್ಕೆ ತಕ್ಕಂತೆ ಏರಬೇಕು ಎಂಬ ನಿಯಮವನ್ನು ತಯಾರಕರೇ ಪಾಲಿಸಿದ್ದು ಗಮನಾರ್ಹ.

ಶಾಖದ ಲೆಕ್ಕ

ಟ್ರ್ಯಾಕಿನಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಬ್ರೇಕು. ಇದರ ಕಾರಣವನ್ನು ಅಂಕಿಗಳಲ್ಲಿಯೇ ಕಾಣಬಹುದು. 1000 ಕಿ.ಗ್ರಾಂ. ತೂಕದ ಕಾರನ್ನು ಗಂಟೆಗೆ 160 ಕಿ.ಮೀ. ವೇಗದಿಂದ 80ಕ್ಕೆ ಇಳಿಸಿದರೆ ವೇಗವು ಅರ್ಧವಾಗುತ್ತದೆ, ಆದರೆ ಚಲನಶಕ್ತಿಯ ಮುಕ್ಕಾಲು ಭಾಗ ಕಳೆಯಬೇಕಾಗುತ್ತದೆ. ಹೀಗೆ ಕಳೆಯುವ ಸುಮಾರು 740 ಕಿಲೋಜೂಲ್ ಶಕ್ತಿಯ ಬಹುಪಾಲು ಶಾಖವಾಗಿ ಬ್ರೇಕುಗಳನ್ನು ಸೇರುತ್ತದೆ. ಎರಡು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಾಖ ಸಾಕು. ರಸ್ತೆಯಲ್ಲಿ ಅಪರೂಪಕ್ಕೊಮ್ಮೆ ಆಗುವ ಈ ಕ್ರಿಯೆ ಟ್ರ್ಯಾಕಿನ ಪ್ರತಿ ಸುತ್ತಿನಲ್ಲಿಯೂ ಹಲವು ಬಾರಿ ಮರುಕಳಿಸುತ್ತದೆ.

ಗ್ಯಾರೇಜುಗಳಲ್ಲಿ ‘ಬ್ರೇಕ್ ಆಯಿಲ್’ ಎಂದು ಕರೆಯಲಾಗುವ ದ್ರವವು ಗಾಳಿಯಲ್ಲಿನ ತೇವಾಂಶವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಡಾಟ್-4 ದರ್ಜೆಯ ಹೊಸ ದ್ರವದ ಕನಿಷ್ಠ ಕುದಿಬಿಂದು 230 ಡಿಗ್ರಿ ಸೆಲ್ಸಿಯಸ್. ತೇವಾಂಶ ಬೆರೆತ ಹಳೆಯ ದ್ರವಕ್ಕೆ ಮಾನದಂಡವು ವಿಧಿಸುವ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ದ್ರವ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ತಾಗಿದರೂ ಕಾರು ನಿಲ್ಲದು. ಆದುದರಿಂದ ಅತ್ಯಂತ ಅಗ್ಗದ ಬದಲಾವಣೆಯೇ ಅತ್ಯಂತ ಅವಶ್ಯವಾದುದು: ಹೊಸದಾಗಿ ತುಂಬಿದ ಉತ್ತಮ ದರ್ಜೆಯ ದ್ರವ, ಅದರ ನಂತರ ಹೆಚ್ಚಿನ ಶಾಖವನ್ನು ತಾಳುವ ಬ್ರೇಕ್ ಪ್ಯಾಡುಗಳು.

ಪ್ಯಾಡುಗಳ ಆಯ್ಕೆಯಲ್ಲಿ ಎಚ್ಚರ ಅಗತ್ಯ. ಕೇವಲ ರೇಸಿಗೆಂದೇ ತಯಾರಾದ ಪ್ಯಾಡುಗಳು ಬಿಸಿಯಾದ ನಂತರವಷ್ಟೇ ಹಿಡಿತ ತೋರುತ್ತವೆ. ಮುಂಜಾನೆಯ ತಣ್ಣನೆಯ ರಸ್ತೆಯಲ್ಲಿ ಮೊದಲ ಸಿಗ್ನಲ್ಲಿನಲ್ಲೇ ಅವು ಅಪಾಯಕಾರಿಯಾಗಬಲ್ಲವು. ಎರಡೂ ಕಡೆ ಸಲ್ಲುವ ಮಧ್ಯಮ ದರ್ಜೆಯ ಪ್ಯಾಡುಗಳನ್ನು ಕೊಳ್ಳುವುದು, ಇಲ್ಲವೇ ಟ್ರ್ಯಾಕ್ ದಿನಕ್ಕೆಂದು ಪ್ರತ್ಯೇಕ ಜೋಡಿ ಇಟ್ಟುಕೊಳ್ಳುವುದು ಲೇಸು.

ನೆಲದ ಹಿಡಿತ

ಎರಡನೆಯ ಸ್ಥಾನ ಟೈರುಗಳದು. ವೇಗ ಹೆಚ್ಚಿಸುವುದು, ತಿರುಗುವುದು, ನಿಲ್ಲುವುದು ಇವೆಲ್ಲವೂ ನೆಲಕ್ಕೆ ತಾಗುವ ನಾಲ್ಕು ಅಂಗೈಯಗಲದ ರಬ್ಬರನ್ನು ಅವಲಂಬಿಸಿವೆ. ಟ್ರ್ಯಾಕಿಗೆಂದು ತಯಾರಾದ ಮೃದು ಟೈರುಗಳು ಒಣ ನೆಲದಲ್ಲಿ ಅದ್ಭುತ ಹಿಡಿತ ನೀಡಿದರೂ ಬೇಗ ಸವೆಯುತ್ತವೆ. ಅವುಗಳ ಗೆರೆಗಳು ಆಳವಿಲ್ಲದ ಕಾರಣ ಮಳೆನೀರು ನಿಂತ ರಸ್ತೆಯಲ್ಲಿ ಜಾರುತ್ತವೆ. ಮಳೆಗಾಲದಲ್ಲಿಯೂ ಓಡಬೇಕಾದ ಕಾರಿಗೆ ಉತ್ತಮ ದರ್ಜೆಯ ರಸ್ತೆ ಟೈರುಗಳೇ ಸೂಕ್ತ.

ಮೂರನೆಯದು ಸಸ್ಪೆನ್ಷನ್. ಹಳೆಯ ಕಾರಿನಲ್ಲಿ ದಣಿದ ಶಾಕ್ ಅಬ್ಸಾರ್ಬರುಗಳನ್ನೂ ಬಿರುಕುಬಿಟ್ಟ ರಬ್ಬರ್ ಬುಷ್‌ಗಳನ್ನೂ ಬದಲಿಸಿ, ವೀಲ್ ಅಲೈನ್‌ಮೆಂಟ್ ಸರಿಪಡಿಸಿದರೆ ಕಾರಿನ ನಡತೆ ಬಹುಮಟ್ಟಿಗೆ ಸುಧಾರಿಸುತ್ತದೆ. ಅತಿ ಗಡುಸಾದ ಸ್ಪ್ರಿಂಗುಗಳು ನುಣುಪಾದ ಟ್ರ್ಯಾಕಿನಲ್ಲಿ ಸೊಗಸು. ಗುಂಡಿಬಿದ್ದ ರಸ್ತೆಯಲ್ಲಿ ಚಕ್ರವು ನೆಲ ಬಿಟ್ಟು ಪುಟಿಯುವುದರಿಂದ ಹಿಡಿತವೇ ಕಡಿಮೆಯಾಗುತ್ತದೆ.

ಸುರಕ್ಷತಾ ಸಾಧನಗಳಲ್ಲಿಯೂ ಇದೇ ದ್ವಂದ್ವವಿದೆ. ತೆರೆದ ಕಾರಿಗೆ, ಅದು ಮಗುಚಿದಾಗ ತಲೆಯನ್ನು ಕಾಯುವ ರೋಲ್ ಬಾರ್ ಅತ್ಯವಶ್ಯ. ಆದರೆ ತಲೆಯ ಸುತ್ತಲೂ ಉಕ್ಕಿನ ಕೊಳವೆಗಳಿರುವ ಪೂರ್ಣ ಪಂಜರವು ಹೆಲ್ಮೆಟ್ ಧರಿಸದೆ ರಸ್ತೆಯಲ್ಲಿ ಸಾಗುವವರಿಗೆ ತಾನೇ ಅಪಾಯ ತಂದೊಡ್ಡಬಲ್ಲದು.

ಶಕ್ತಿಯ ಹಿಂದೆ ಬರುವ ವೆಚ್ಚಗಳು

ಟರ್ಬೊ ಅಥವಾ ಸೂಪರ್‌ಚಾರ್ಜರ್ ಅಳವಡಿಕೆಯ ಬೆಲೆಪಟ್ಟಿಯಲ್ಲಿ ಕಾಣುವುದು ಮೊದಲ ಕಂತು ಮಾತ್ರ. ಹೆಚ್ಚಿದ ಶಾಖಕ್ಕೆ ರೇಡಿಯೇಟರ್, ಹೆಚ್ಚಿದ ಬಲಕ್ಕೆ ಕ್ಲಚ್, ಹೆಚ್ಚಿದ ವೇಗಕ್ಕೆ ಮತ್ತೆ ಬ್ರೇಕ್ ಹೀಗೆ ಒಂದರ ಹಿಂದೆ ಒಂದು ಖರ್ಚು ಸಾಲುಗಟ್ಟುತ್ತದೆ. ಮರುಮಾರಾಟದಲ್ಲಿ ಈ ಹಣ ಮರಳುವುದು ವಿರಳ. ಮೂಲ ಸ್ಥಿತಿಯಲ್ಲಿರುವ ಕಾರನ್ನೇ ಸಾಮಾನ್ಯ ಗ್ರಾಹಕರು ಬಯಸುತ್ತಾರೆ. ಅದೇ ಹಣದ ಒಂದು ಪಾಲನ್ನು ತರಬೇತುದಾರರೊಡನೆ ಕಳೆಯುವ ಒಂದು ದಿನಕ್ಕೆ ವ್ಯಯಿಸಿದರೆ ಆ ಕೌಶಲ್ಯವು ಮುಂದಿನ ಕಾರಿಗೂ ವರ್ಗವಾಗುತ್ತದೆ. ಸವಕಳಿ ಇಲ್ಲದ ಆಸ್ತಿ ಎಂದರೆ ಅದೊಂದೇ.

ಕಾನೂನು ಮತ್ತು ಲೆಕ್ಕಪತ್ರ

ಭಾರತದಲ್ಲಿ ಮೋಟಾರು ವಾಹನ ಅಧಿನಿಯಮ, 1988ರ 52ನೆಯ ಪ್ರಕರಣವು, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿದಿದೆ. ಜರ್ಮನಿಯಲ್ಲಿಯೂ ಮುಖ್ಯ ಮಾರ್ಪಾಡುಗಳಿಗೆ ಅಧಿಕೃತ ತಪಾಸಣೆಯ ಅನುಮೋದನೆ ಬೇಕು. ಟ್ರ್ಯಾಕಿನಲ್ಲಿ ಸಂಭವಿಸುವ ಹಾನಿಯನ್ನು ಸಾಮಾನ್ಯ ವಿಮಾ ಪತ್ರಗಳು ಹೊರಗಿಡುವುದುಂಟು. ಆದುದರಿಂದ ಹಣ ತೆರುವ ಮುನ್ನ ನೋಂದಣಿ ಪತ್ರವನ್ನೂ ವಿಮಾ ಪತ್ರವನ್ನೂ ಓದುವುದು ಸೂಕ್ತ. ಕಾರು ಸಂಸ್ಥೆಯ ಹೆಸರಿನಲ್ಲಿದ್ದರೂ ಹವ್ಯಾಸದ ಖರ್ಚು ವ್ಯಾಪಾರದ ಖರ್ಚಾಗದು ಎಂಬುದನ್ನು ಮಾಲೀಕರು ಮರೆಯಬಾರದು.

ಕಾರ್ಖಾನೆ ನಡೆಸುವವರಿಗೆ ಈ ತತ್ತ್ವ ಹೊಸದಲ್ಲ. ಐದು ಯಂತ್ರಗಳ ಸಾಲಿನಲ್ಲಿ ನಿಧಾನವಾದುದು ಯಾವುದೋ ಅದೇ ಇಡೀ ಸಾಲಿನ ಉತ್ಪಾದನೆಯನ್ನು ನಿರ್ಧರಿಸುತ್ತದೆ; ಉಳಿದ ನಾಲ್ಕಕ್ಕೆ ಸುರಿದ ಬಂಡವಾಳ ಬಡ್ಡಿಯನ್ನಷ್ಟೇ ಬೆಳೆಸುತ್ತದೆ. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಫಲಿತಾಂಶವನ್ನು ಅಳೆದು, ಮುಂದಿನ ದುರ್ಬಲ ಕೊಂಡಿ ಕಂಡ ನಂತರವಷ್ಟೇ ಮತ್ತೆ ಕೈಚೀಲ ಬಿಚ್ಚುವುದು ಕಾರಿಗೂ ಕಾರ್ಖಾನೆಗೂ ಸಮಾನವಾಗಿ ಅನ್ವಯಿಸುವ ವಿವೇಕ.