ಲ್ಯಾಪ್‌ಟಾಪ್ ಮತ್ತು ಕಚೇರಿ ಸರ್ವರ್ ನಡುವೆ ಕಡತಗಳ ಸಮನ್ವಯ: ಅರ್ಜಿದಾರರಿಗೆ ಮಾಹಿತಿ

ತೀರ್ಥಹಳ್ಳಿ ತಾಲ್ಲೂಕಿನ ಮಂಡಗದ್ದೆ ಹೋಬಳಿಯಂತಹ ಮಲೆನಾಡು ಪ್ರದೇಶಗಳಲ್ಲಿ ಮಳೆಗಾಲದಲ್ಲಿ ವಿದ್ಯುತ್ ಹಾಗೂ ದೂರಸಂಪರ್ಕ ಕಡಿತಗೊಳ್ಳುವುದುಂಟು. ಆ ವೇಳೆ ಸಿಬ್ಬಂದಿಯ ಲ್ಯಾಪ್‌ಟಾಪ್‌ನಲ್ಲಿ ಸಿದ್ಧಪಡಿಸಿದ ಕಡತವು ಸಂಪರ್ಕ ಮರಳಿದ ನಂತರವೇ ಕಚೇರಿಯ ಸರ್ವರ್‌ಗೆ ತಲುಪುತ್ತದೆ. ಎರಡೂ ಕಡೆಯ ಕಡತಗಳನ್ನು ಹೋಲಿಸಿ ಒಂದೇ ರೂಪಕ್ಕೆ ತರುವ ಈ ಕ್ರಮಕ್ಕೆ ಸಮನ್ವಯ (ಸಿಂಕ್) ಎನ್ನಲಾಗುತ್ತದೆ.

ಅಧಿಕೃತ ಪ್ರತಿ ಒಂದೇ ಏಕೆ?

ಒಂದೇ ಕಡತವನ್ನು ಎರಡು ಲ್ಯಾಪ್‌ಟಾಪ್‌ಗಳಲ್ಲಿ ಪ್ರತ್ಯೇಕವಾಗಿ ತಿದ್ದಿದಲ್ಲಿ, ತಡವಾಗಿ ಬಂದ ಪ್ರತಿಯು ಮೊದಲಿನ ತಿದ್ದುಪಡಿಯನ್ನು ಅಳಿಸಿಹಾಕುವ ಸಂಭವವಿರುತ್ತದೆ. ಲ್ಯಾಪ್‌ಟಾಪ್‌ನ ದಿನಾಂಕ, ವೇಳೆ ತಪ್ಪಾಗಿದ್ದರೆ ಹಳೆಯ ಪ್ರತಿಯೇ ಹೊಸದೆಂದು ಪರಿಗಣಿತವಾಗಬಹುದು. ಆದುದರಿಂದ ಎರಡೂ ಪ್ರತಿಗಳನ್ನು ಉಳಿಸಿಕೊಂಡು, ಪರಿಶೀಲಿಸಿದ ನಂತರವೇ ಒಂದನ್ನು ಅಂಗೀಕರಿಸುವುದು ಸೂಕ್ತ. ಇದೇ ತತ್ವದಂತೆ ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯಡಿ 2002ರ ವೇಳೆಗೆ ಕೈಬರಹದ ಪಹಣಿಯ ಮಾನ್ಯತೆ ಕೊನೆಗೊಂಡು, ಗಣಕೀಕೃತ ಪಹಣಿಯೊಂದೇ ಅಧಿಕೃತವಾಯಿತು.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಅರ್ಜಿ ಸಲ್ಲಿಸಿದ ಕೂಡಲೇ ಸಂಖ್ಯೆಯುಳ್ಳ ಸ್ವೀಕೃತಿ ಪತ್ರವನ್ನು ಪಡೆಯತಕ್ಕದ್ದು.
2. ಅದರಲ್ಲಿನ ಹೆಸರು, ಗ್ರಾಮ, ಸರ್ವೆ ನಂಬರ್ ಮುಂತಾದ ವಿವರಗಳನ್ನು ಅಲ್ಲಿಯೇ ಪರಿಶೀಲಿಸತಕ್ಕದ್ದು.
3. ಸಲ್ಲಿಸಿದ ದಾಖಲೆಗಳ ಪ್ರತಿಯನ್ನು ಇಟ್ಟುಕೊಳ್ಳತಕ್ಕದ್ದು.
4. ಅರ್ಜಿಯ ವಿವರ ಗಣಕಯಂತ್ರದಲ್ಲಿ ಕಾಣದಿದ್ದಲ್ಲಿ, ಮರು ಅರ್ಜಿ ಸಲ್ಲಿಸುವ ಮುನ್ನ ಸ್ವೀಕೃತಿ ಪತ್ರದೊಂದಿಗೆ ನಾಡಕಚೇರಿಯಲ್ಲಿ ವಿಚಾರಿಸತಕ್ಕದ್ದು. ಒಂದೇ ಕೋರಿಕೆಗೆ ಎರಡು ಅರ್ಜಿಗಳಿದ್ದರೆ ವಿಲೇವಾರಿ ವಿಳಂಬವಾಗಬಹುದು.

ಲ್ಯಾಪ್‌ಟಾಪ್‌ನಲ್ಲಿರುವುದು ಕರಡು ಮಾತ್ರ. ಸರ್ವರ್‌ನಲ್ಲಿ ಅಂಗೀಕೃತವಾದುದೇ ದಾಖಲೆ.